ಕ್ಲಿಫ್ ಬೆಳ್ಳಗಾದ ಪ್ರಸಂಗ

ಕ್ಲಿಫ್ ರಾಬ್ಸನ್ ಬೆಳ್ಳಗಾಗಿಬಿಟ್ಟಿದ್ದ. ಅಷ್ಟೂ ರಾದ್ಧಾಂತಕ್ಕೆ ಅದೇ ಮೂಲ.

ಸೌತ್ ಶೀಲ್ಡ್ಸ್ ಎಂಬ ಆ ಚಳಿ ಊರಿಗೆ ಸೂರ್ಯ ಅಪರೂಪದ ನೆಂಟ. ಬಂದರೂ ಚಹಾ ಕುಡಿಯುವಷ್ಟು ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ಊರವರು ಬಿಸಿಲನ್ನು ಅಂಗಡಿಯಲ್ಲಿ ಕೊಳ್ಳುತ್ತಾರೆ. ದೀಪದ ಪೆಟ್ಟಿಗೆಯಲ್ಲಿ ಮಲಗಿ, ಮುಚ್ಚಳ ಎಳೆದುಕೊಂಡು, ಮೈ ಕಂದು ಮಾಡಿಕೊಂಡು ಬರುತ್ತಾರೆ. ಪಕ್ಕದ ಮನೆಯ ಮೇವಿಸ್‌ಗೆ ಮಂಡಿನೋವಿನ ನೆಪ. ಕ್ಷೌರದಂಗಡಿಯ ಕೆರಿಗೆ ಸ್ಪೇನಿಗೆ ಹೋಗಿಬಂದವಳಂತೆ ಕಾಣುವ ಚಪಲ. ಕ್ಲಿಫ್ ಮೊದಲು ಹೋದದ್ದು ತಾಯಿ ತೀರಿಕೊಂಡ ಚಳಿಗಾಲದಲ್ಲಿ. ಆ ಕಾವು ಬೆನ್ನಿಗೆ ತಾಗಿದಾಗ ಅಮ್ಮನ ಒಲೆಯ ಮುಂದೆ ಕೂತಂತಾಯಿತು. ಆಮೇಲೆ ದಿನಾ ಹೋದ. ಆ ದೀಪದ ಕಾವಿಗೆ ಕೆಟ್ಟ ಬೆನ್ನಿನ ಮಚ್ಚೆಯೊಂದನ್ನು ಡಾಕ್ಟರು ಕತ್ತರಿಸಿ ತೆಗೆದು ಬೈದರೂ ಹೋದ.

"ನಾನು ಬೇಕೋ, ಆ ಪೆಟ್ಟಿಗೆ ಬೇಕೋ? ನೀನು ಬೆಳ್ಳಗಾದ ದಿನ ವಾಪಸ್ ಬರ್ತೀನಿ," ಎಂದು ಹೆಂಡತಿ ಡೋರೀನ್ ತಂಗಿಯ ಮನೆಗೆ ಹೊರಟುಹೋದಳು. ಕ್ಲಿಫ್ ಹಲ್ಲು ಕಚ್ಚಿ ಪೆಟ್ಟಿಗೆಯ ಚಟ ಬಿಟ್ಟ. ಇವತ್ತು ಸಂಜೆಯ ಬಸ್ಸಿಗೆ ಅವಳು ಬರುವವಳಿದ್ದಳು.

ಬೆಳಿಗ್ಗೆ ಬಾಗಿಲು ತೆರೆದರೆ ಮೇವಿಸ್.

"ಅಯ್ಯೋ ಮರೀ! ಏನಾಯ್ತೋ? ಮುಖದಲ್ಲಿ ಹೆಣದ ಕಳೆ ಬಂದಿದೆಯಲ್ಲೋ!"

"ಗುಂಡುಕಲ್ಲಿನ ಹಾಗಿದೀನಿ ಮೇವಿಸ್. ಇದು ನನ್ನ ಸ್ವಂತ ಬಣ್ಣ."

"ಕೊನೇಲಿ ಎಲ್ಲರೂ ಹಾಗೇ ಅಂತಾರಪ್ಪ," ಎಂದು ಕಣ್ಣೊರೆಸಿಕೊಂಡ ಮೇವಿಸ್, ಬಿಸಿ ಮಾಂಸದ ಪೈ ಒಂದನ್ನು ತಂದು ಅವನ ಕೈಗಿಟ್ಟಳು.

ಮಧ್ಯಾಹ್ನದೊಳಗೆ ಬೀದಿಗೆಲ್ಲ ಸುದ್ದಿ ಹಬ್ಬಿತು. ಅಂಚೆಯವನು ಟೋಪಿ ತೆಗೆದು ನಿಂತ. ಪಬ್ಬಿನ ಬೆಂಕಿಗೂಡಿನ ಪಕ್ಕದ ಕ್ಲಿಫ್‌ನ ಕುರ್ಚಿಗೆ ಆಗಲೇ ಇಬ್ಬರು ಜಗಳವಾಡಿದರಂತೆ.

ಹೆಂಡತಿ ಬರುತ್ತಾಳಲ್ಲ, ಕೂದಲಾದರೂ ಕತ್ತರಿಸಿಕೊಳ್ಳೋಣವೆಂದು ಕ್ಲಿಫ್ ಬಸ್ ನಿಲ್ದಾಣದ ಎದುರಿನ ಕೆರಿಯ ಅಂಗಡಿಗೆ ಹೋದ. ಅವಳು ಕಣ್ಣಿನ ಮೇಲೆ ಬೆಚ್ಚಗಿನ ಟವೆಲು ಹಾಕಿದಳು. ಚಿಂತೆಯಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದ ಕ್ಲಿಫ್ ಕೂತಲ್ಲೇ ಗೊರಕೆ ಹೊಡೆದ. ಕೆರಿಯ ಕರುಳು ಚುರ್ರೆಂದಿತು. ಈ ಊರಲ್ಲಿ ಮದುವೆಗಿರಲಿ, ಶವಪೆಟ್ಟಿಗೆಗೂ ಬಣ್ಣವಿಲ್ಲದೆ ಹೋಗುವ ಪದ್ಧತಿಯಿಲ್ಲ. ಮೈಗೆ ಕಂದು ಬಣ್ಣ ಎರಚುವ ಪಿಚಕಾರಿ ಎತ್ತಿಕೊಂಡಳು.

ಕ್ಲಿಫ್ ಕಣ್ಣು ಬಿಟ್ಟಾಗ ಕನ್ನಡಿಯಲ್ಲಿ ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಹಂಡೆಯೊಂದು ಅವನನ್ನೇ ನೋಡುತ್ತಿತ್ತು.

"ಏನೇ ಮಾಡಿದೆ, ಮಾರಾಯ್ತಿ!"

"ಆ ಸುಣ್ಣದ ಮುಖ ಹೊತ್ಕೊಂಡು ಹೆಂಡ್ತಿ ಎದುರು ನಿಲ್ತೀಯಾ? ಹೋಗು, ನನ್ನ ಕಡೆಯಿಂದ ಉಡುಗೊರೆ."

ಅಷ್ಟರಲ್ಲಿ ಕಿಟಕಿಯಾಚೆ ಬಸ್ಸು ಬಂದು ನಿಂತಿತು. ಕ್ಲಿಫ್ ಎದ್ದು ಓಡಿದ.

"ಮಳೇಲಿ ನೆನೀಬೇಡ್ವೋ, ಇನ್ನೂ ಹಸಿ!" ಎಂದು ಕೆರಿ ಹಿಂದಿನಿಂದ ಕೂಗಿದಳು. ಹೊರಗೆ ಧೋ ಎಂದು ಸುರಿಯುತ್ತಿತ್ತು.

ತಲೆಗೆ ಮುಸುಕು, ಮೂಗಿನವರೆಗೆ ಮಫ್ಲರು ಸುತ್ತಿಕೊಂಡು ಡೋರೀನ್ ಇಳಿದಳು. ಅವನನ್ನು ಕಂಡವಳೇ ಕಲ್ಲಾದಳು.

"ಮತ್ತೆ ಹೋಗಿದ್ಯಾ?"

"ನಿನ್ನಾಣೆ ಇಲ್ಲ ಕಣೇ! ಇದು ಆ ಕೆರಿ..."

ಮಾತು ಮುಗಿಯುವ ಮೊದಲೇ ಮಳೆ ಸಾಕ್ಷಿ ಹೇಳಿತು. ಹಣೆಯ ಬಣ್ಣ ಮೂಗಿಗೆ, ಮೂಗಿನದು ಬಿಳಿ ಕಾಲರಿಗೆ ಇಳಿಯಿತು. ಡೋರೀನ್ ಅವನ ಕೆನ್ನೆ ಒರೆಸಿದಳು. ಕಂದಾದ ತನ್ನ ಕೈಗವಸು ನೋಡಿ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಅತ್ತಳು. ಆಮೇಲೆ ಮಫ್ಲರು ಬಿಚ್ಚಿದಳು.

ಅವಳ ಮುಖ ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿತ್ತು. ಮಳೆ ಎಷ್ಟು ಸುರಿದರೂ ಆ ಬಣ್ಣ ಇಳಿಯಲಿಲ್ಲ.

"ಅಂಥಾದ್ದೇನಿದೆ ಅದರಲ್ಲಿ ಅಂತ ಒಂದ್ಸಲ ಮಲಗಿ ನೋಡ್ದೆ ಕ್ಲಿಫ್. ನೀನಿಲ್ಲದೆ ತುಂಬಾ ಚಳಿ ಆಗ್ತಿತ್ತು."

"ಆಮೇಲೆ?"

"ದಿನಾ."

ಕೋಪಿಸಿಕೊಳ್ಳುವ ಹಕ್ಕು ಜೀವಮಾನದಲ್ಲಿ ಮೊದಲ ಸಲ ಕ್ಲಿಫ್‌ಗೆ ಸಿಕ್ಕಿತ್ತು. ಬಳಸಲು ಮನಸ್ಸು ಬರಲಿಲ್ಲ.

"ನಡಿ, ಬಿಡಿಸ್ತೀನಿ. ಮೊದಲ ವಾರ ಕಷ್ಟ. ನಾನಂತೂ ಬಿಸಿನೀರಿನ ಚೀಲ ತಬ್ಕೊಂಡು ಕೂತಿರ್ತಿದ್ದೆ."

"ಚೀಲ ಯಾಕೆ? ನೀನಿಲ್ವಾ?"

ಕ್ಲಿಫ್‌ನ ಎದೆಯಲ್ಲಿ ಯಾವ ಪೆಟ್ಟಿಗೆಯೂ ಕೊಡದ ಬಿಸುಪು ಹರಡಿತು. ಕೈಕೈ ಹಿಡಿದು ಇಬ್ಬರೂ ಮನೆ ಸೇರಿದರು.

ಮೇವಿಸ್ ಬಾಗಿಲಲ್ಲೇ ಕಾದಿದ್ದಳು. ಡೋರೀನಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಷ್ಟು ಲಕ್ಷಣವಾಗಿದೀಯೇ! ಆರೋಗ್ಯ ಅಂದ್ರೆ ಇದು!"

ಆಮೇಲೆ, ಪಟ್ಟೆಪಟ್ಟೆಯಾಗಿ ಬಣ್ಣ ತೊಟ್ಟಿಕ್ಕಿಸುತ್ತ ನಿಂತ ಕ್ಲಿಫ್‌ನನ್ನು ಕಂಡು ಅವಳ ಕಿವಿಯಲ್ಲಿ ಪಿಸುಗುಟ್ಟಿದಳು:

"ಗಟ್ಟಿ ಮನಸ್ಸು ಮಾಡ್ಕೋ ತಾಯಿ. ಬೆಳಿಗ್ಗೆ ಬಿಳುಚಿದ್ದ ಅಷ್ಟೇ. ಈಗ ನೋಡು, ಕರಗೋಕೇ ಶುರುಮಾಡಿದಾನೆ."

ಹಾಗೆಂದು ಎರಡನೆಯ ಪೈ ತರಲು ಒಳಗೋಡಿದಳು.