ಮೊದಲನೇ ನಂಬರಿನ ಮನೆ

‘ಖಾನಾಪುರ ಹೋಮ್‌ಸ್ಟೇ’ ಎಂದು ಫೋನಿನಲ್ಲಿ ಹುಡುಕಿದರೆ ದೀಪಾವಳಿಯವರೆಗೂ ಎಲ್ಲಕ್ಕಿಂತ ಮೇಲೆ ಕಾಣಿಸುತ್ತಿದ್ದದ್ದು ಪದ್ಮಶ್ರೀಯ ವೆಬ್‌ಸೈಟು. ಈಗ ಹೆಬ್ಬೆರಳು ಸೋಲುವ ತನಕ ಪುಟ ಜಾರಿಸಬೇಕು. ಟ್ಯಾಕ್ಸಿಯವರು, ಬೋರ್‌ವೆಲ್‌ನವರು, ಒಂದು ಹಲ್ಲಿನ ದವಾಖಾನೆ ಎಲ್ಲ ದಾಟಿದ ಮೇಲೆ ಅದು ಸಿಗುತ್ತಿತ್ತು, ಮದುವೆ ಫೋಟೋದಲ್ಲಿ ಹಿಂದಿನ ಸಾಲಿನಿಂದ ಇಣುಕುವ ದೂರದ ಸಂಬಂಧಿಯ ಹಾಗೆ.

ಮೇಲಿನ ಜಾಗದಲ್ಲಿ ಈಗ ಕೂತಿದ್ದದ್ದು ಕಣಕುಂಬಿಯ ‘ಗುರುಪುತ್ರಪ್ಪ ಹೋಮ್‌ಸ್ಟೇ’. ಅದರಲ್ಲಿದ್ದ ಫೋಟೋ ಮೂರೇ. ಅವುಗಳಲ್ಲಿ ಒಂದು ಎಮ್ಮೆಯದು. ಪದ್ಮಶ್ರೀಯಾದರೋ ತನ್ನ ಸೈಟಿನ ಒಂದೊಂದು ವಾಕ್ಯವನ್ನೂ ತೂಗಿ ಬರೆದವಳು. ‘ಬಿಸಿನೀರು ಸದಾ ಲಭ್ಯ’ ಎಂಬಲ್ಲಿ ‘ಸದಾ’ ಸುಳ್ಳಾದೀತೆಂದು ಹೆದರಿ ‘ಸಾಮಾನ್ಯವಾಗಿ’ ಎಂದು ತಿದ್ದಿದವಳು. ಅಂಥವಳನ್ನು ಒಂದು ಎಮ್ಮೆ ಹಿಂದೆ ಹಾಕಿದ್ದಾದರೂ ಹೇಗೆ? ಎದ್ದಾಗೊಮ್ಮೆ, ಉಂಡಾಗೊಮ್ಮೆ, ಮಲಗುವಾಗೊಮ್ಮೆ ಆ ಸೈಟು ತೆರೆದು ನೋಡುತ್ತಿದ್ದಳು. ಎಮ್ಮೆಯೂ ಅವಳನ್ನೇ ನೋಡುತ್ತಿತ್ತು.

“ಇವತ್ತ ಕಡೀ ದಿನ ನೋಡು,” ಎಂದ ಗಂಡ ಅಮರ, ಚಹಾ ಕುಡಿಯುತ್ತ. “ಸಂಜಿ ತನಕ ಯಾರಾರ ಬಂದ್ರ ಹಿತ್ತಲ ಖೋಲಿ ನಿಂದು. ಬರಲಿಲ್ಲಂದ್ರ ನಮ್ಮಣ್ಣನ ಸೋಯಾಬೀನ್ ಚೀಲ ಬರ್ತಾವ. ಅವಕ್ಕ ವೆಬ್‌ಸೈಟ್ ಬೇಕಾಗಿಲ್ಲ.”

ಹಿತ್ತಲಿನ ಆ ಎರಡು ಹೋಮ್‌ಸ್ಟೇ ಖೋಲಿಗಳಿಗೆ ಪದ್ಮಶ್ರೀ ತಾನೇ ಏಣಿ ಹತ್ತಿ ಬಣ್ಣ ಹಚ್ಚಿದ್ದಳು. ಮನೆಯಲ್ಲಿ ಅವಳದು ಎಂದು ಹೇಳಿಕೊಳ್ಳಲು ಇದ್ದದ್ದು ಅಷ್ಟೇ.

ಬಾಜು ಮನೆಯ ಮನಿಷಾ ಕಾಂಪೌಂಡಿನ ಮೇಲೆ ಗದ್ದ ಊರಿ ಎಲ್ಲ ಕೇಳಿಸಿಕೊಂಡಿದ್ದಳು. “ವೈನಿ, ಗಿರಾಕಿ ಹಂಗ ಹೋಗಿ ನೋಡಿ ಬರ್ರಿ ನೀವು. ಆ ಮುದುಕನ ಗುಟ್ಟು ಏನೈತಿ ತಿಳೀತದ.”

“ನನಗ ಸುಳ್ಳು ಹೇಳಾಕ ಬರಂಗಿಲ್ಲ. ನೀನೂ ಯಾರ ಮುಂದೂ ಸುಳ್ಳು ಹೇಳಬ್ಯಾಡ.”

“ಸುಳ್ಳು ಯಾಕ? ಖೋಲಿ ತಗೊಂಡ್ರ ಖರೇನ ಗಿರಾಕಿ ಆದ್ರಿ. ಇಲ್ಲಿ ಯಾರಾರ ಬಂದ್ರ ನಾ ಅದೀನಿ, ಹೋಗ್ರಿ.”

ಮಧ್ಯಾಹ್ನದೊಳಗೆ ಗುಟ್ಟು ತಿಳಿದರೆ ಬಸ್ಸಿನಲ್ಲೇ ಕೂತು ಸೈಟು ತಿದ್ದಬಹುದು, ಸಂಜೆಗೆ ಒಬ್ಬನಾದರೂ ಬಂದಾನು ಎಂದು ಲೆಕ್ಕ ಹಾಕಿ ಪದ್ಮಶ್ರೀ ಕಣಕುಂಬಿಯ ಬಸ್ಸು ಹತ್ತಿದಳು.

ಗುರುಪುತ್ರಪ್ಪ ಅಂಗಳದಲ್ಲೇ ಸಿಕ್ಕ. “ಬರ್ರಿ, ಕುಂದರ್ರಿ. ಒಂದ ಖೋಲಿ ಉಳದೈತಿ. ಎರಡು ತುಂಬ್ಯಾವ.”

ತುಂಬಿವೆಯಂತೆ! ಪದ್ಮಶ್ರೀಯ ಎದೆಯಲ್ಲಿ ಒಲೆ ಹೊತ್ತಿಕೊಂಡಿತು. ಪಡಸಾಲೆಯಲ್ಲಿ ಇಬ್ಬರು ಅತಿಥಿಗಳು ಕೂತಿದ್ದರು. ಒಬ್ಬ ನೆರಳಿನಲ್ಲೂ ಕಪ್ಪು ಕನ್ನಡಕ ತೆಗೆಯದ ಸುಜಯ. ಇನ್ನೊಬ್ಬಳು ಇಳಕಲ್ ಸೀರೆಯ ನಾಗರತ್ನಾ.

“ಯಾವೂರಾತ್ರಿ ನಿಮ್ದು?” ಎಂದಳು ನಾಗರತ್ನಾ.

ಸುಳ್ಳು ಬಾರದ ಬಾಯಿಗೆ ಎಲ್ಲಕ್ಕಿಂತ ದೂರದ ಊರು ಬಂತು. “ಬೀದರ.”

“ಅಯ್ಯ, ನಮ್ದೂ ಬೀದರ!” ಎಂದವಳೇ ನಾಗರತ್ನಾ ಏಕೋ ಬಿಳಿಚಿಕೊಂಡಳು.

“ಬೀದರದಾಗ ಎಲ್ಲಿ?” ಎಂದ ಸುಜಯ.

“ಬಸ್‌ ಸ್ಟ್ಯಾಂಡ್ ಹಂತ್ಯಾಕ,” ಎಂದರು ಇಬ್ಬರೂ ಒಂದೇ ಉಸಿರಿಗೆ. ಆಮೇಲೆ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತರು.

ಪದ್ಮಶ್ರೀ ಖೋಲಿ ನೋಡಿದಳು. ಗೋಡೆ ಸಾದಾ, ಗಾದಿ ಸಾದಾ. ಗುಟ್ಟು ಗಾದಿಯ ಕೆಳಗಿದ್ದೀತೆಂದು ಅಂಚು ಎತ್ತಿದರೆ ಅಲ್ಲಿ ಹಗ್ಗದ ಮಂಚ ಮಾತ್ರ. ಪಕ್ಕದ ಖೋಲಿಯಲ್ಲಿ ಸುಜಯನೂ ಗಾದಿ ಎತ್ತಿ ಬಗ್ಗಿದ್ದ. ಬಚ್ಚಲಲ್ಲಿ ನಾಗರತ್ನಾ ನಲ್ಲಿ ಬಿಟ್ಟು, ನೀರು ಬಿಸಿಯಾಗುವ ತನಕ ಗಡಿಯಾರ ಹಿಡಿದು ನಿಂತಿದ್ದಳು.

ಊಟ ಮುಗಿಯುತ್ತಲೇ ಮೂವರೂ ಅಭ್ಯಾಸಬಲದಿಂದ ಎದ್ದು ಎಲ್ಲರ ತಾಟು ಎತ್ತತೊಡಗಿದರು. ಒಂದೇ ತಾಟಿಗೆ ಆರು ಕೈ.

“ಇಡ್ರಿ ಕೆಳಗ,” ಎಂದ ಗುರುಪುತ್ರಪ್ಪ, ಮೀಸೆಯಲ್ಲಿ ನಗುತ್ತ. “ಮೂರೂ ಮಂದಿ ಹೋಮ್‌ಸ್ಟೇದವರು, ಹೌದಲ್ಲ? ಗಿರಾಕಿ ಆದವ ಗಾದಿ ಮ್ಯಾಲ ಮಲಗ್ತಾನ. ನೀವು ಗಾದಿ ಬುಡಕ ನೋಡ್ತೀರಿ.”

ಸುಜಯ ಕೊನೆಗೂ ಕನ್ನಡಕ ತೆಗೆದ. “ನಂದು ಹಿಂಡಲಗಾ ರೀ. ಫೋನಿನಾಗ ಊರ ಹೆಸರು ಹೊಡದ್ರ ಮದಲ ಜೈಲು ಬರ್ತದ, ಆಮ್ಯಾಲೆ ನಾ. ಉಳಕೊಳ್ಳಾಕ ಚಲೋ ಖೋಲಿ ಅದಾವ ಅಂದ್ರ, ಎಷ್ಟ ವರ್ಷಕ್ಕ ಅಂತ ಕೇಳ್ತಾರ.”

“ನಂದು ಪಾರಿಶ್ವಾಡ. ಹೊಲದಾಗ ಮನಿ,” ಎಂದಳು ನಾಗರತ್ನಾ. “ಬೀದರ ನಾ ನಕ್ಷಾದಾಗ ನೋಡೀನಿ ಅಷ್ಟ.”

“ನಾನೂ,” ಎಂದಳು ಪದ್ಮಶ್ರೀ. ತಡೆಯಲಾಗದೆ ಕೇಳಿಯೇ ಬಿಟ್ಟಳು: “ಯಜಮಾನ್ರ, ಮೊದಲನೇ ನಂಬರ್ ಹೆಂಗ ಬಂತ್ರಿ ನಿಮಗ?”

“ನನಗೇನ ಗೊತ್ತವಾ? ಸೈಟ್ ನಮ್ಮ ಅಳಿಯಾ ಮಾಡಿದ, ಮಾಡಿ ಮರತ. ಆವತ್ತಿಂದ ದಿನಾ ಮಂದಿ ಬರಾಕತ್ಯಾರ. ಎಲ್ಲಾರೂ ನಿಮ್ಮಂಥಾವರ. ಇಲ್ಲಿ ಹೊಳಿ ಹುಟ್ಟೂ ಜಾಗಾ ಎಲ್ಲೈತಿ ಅಂತ ಒಬ್ಬರರ ಕೇಳ್ಯಾರೇನು? ಇಲ್ಲ!”

ಸುಜಯ ಮೆಲ್ಲಗೆ ಇಬ್ಬರ ಮುಖ ನೋಡಿದ. “ನೀವೂ ದಿನಾ ಇವರ ಸೈಟ್ ತೆಗದು ನೋಡ್ತೀರೇನು?”

“ಎದ್ದ ಕೂಡ್ಲೆ,” ಎಂದಳು ನಾಗರತ್ನಾ.

“ಮಲಗೂ ಮುಂದನೂ,” ಎಂದಳು ಪದ್ಮಶ್ರೀ.

“ತೆಗೀರಿ! ದಿನಾ ನೋಡಿ ನೋಡಿ ಇವರನ್ನ ಹೊತ್ತು ಮ್ಯಾಲೆ ಕುಂದರಿಸಿದವರು ನಾವ!” ಎಂದ ಸುಜಯ.

ಆ ಹೊತ್ತಿಗೆ ಮನಿಷಾಳ ಫೋನು ಬಂತು. “ವೈನಿ! ಗಿರಾಕಿ ಬಂದಿದ್ರು! ಬೆಳಗಾವಿಯವರು, ಕಾರ ತುಂಬ ಮಂದಿ. ನಿಮ್ಮ ಸೈಟ್ ಓದೇ ಬಂದಾರ.”

ಪದ್ಮಶ್ರೀ ಎದ್ದು ನಿಂತಳು. “ಕುಂದರ್ಸು ಅವರನ್ನ! ಈಗ ಬಂದೆ!”

“ಕುಂದರ್ಸಿ ಚಹಾ ಕೊಟ್ಟೆ ರೀ. ಮಾಲಕರು ಎಲ್ಲಿ ಅಂದ್ರು. ಸುಳ್ಳು ಹೇಳಬ್ಯಾಡ ಅಂದಿದ್ರಲ್ಲ, ಖರೇನ ಹೇಳಿದೆ. ಕಣಕುಂಬಿ ಗುರುಪುತ್ರಪ್ಪನ ಮನ್ಯಾಗ ಉಳಕೊಳ್ಳಾಕ ಹೋಗ್ಯಾರ ಅಂದೆ. ಸ್ವಂತ ಹೋಮ್‌ಸ್ಟೇ ಬಿಟ್ಟು ಅಲ್ಲಿ ಹೋಗ್ಯಾರಂದ್ರ ಅದ ಚಲೋ ಇರಬೇಕು ಅಂತ ಅಲ್ಲೇ ಹೊಂಟ್ರು. ಹಾದಿ ನಾನ ಹೇಳಿ ಕಳಿಸಿ ತಾಸಾತು, ನಿಮ್ಮ ಫೋನ್ ಈಗ ಹತ್ತಿತು. ಕಾಳಜಿ ಮಾಡಬ್ಯಾಡ್ರಿ.”

ಕಾಳಜಿ ಮಾಡಲು ಸಮಯವೂ ಇರಲಿಲ್ಲ. ಕಾರು ಅಂಗಳಕ್ಕೆ ಬಂದಿತ್ತು. ಇಳಿದ ಹೆಂಗಸು ಮೊದಲು ಕೇಳಿದ್ದೇ, “ಕಾಕಾ, ಇಲ್ಲಿ ಹೊಳಿ ಹುಟ್ಟೂ ಜಾಗಾ ಎಲ್ಲೈತಿ?” ಗುರುಪುತ್ರಪ್ಪನ ಕಣ್ಣು ತುಂಬಿ ಬಂತು. ಆಮೇಲೆ ಅವನು ತನ್ನ ಮೂರು ಅತಿಥಿಗಳತ್ತ ತಿರುಗಿ ಕೈ ಮುಗಿದ. ಒಂದು ಖೋಲಿ ಬಿಡಬೇಕಿತ್ತು.

“ನಿಮ್ಮ ಗಿರಾಕಿ, ನೀವ ಬಿಡ್ರಿ,” ಎಂದರು ಸುಜಯ, ನಾಗರತ್ನಾ, ಬೀದರದ ಬಸ್‌ ಸ್ಟ್ಯಾಂಡಿನ ಸ್ನೇಹವನ್ನೂ ನೆನೆಯದೆ.

ಪದ್ಮಶ್ರೀ ಚೀಲ ಎತ್ತಿಕೊಂಡಳು. ಕಾರಿನ ಹೆಂಗಸು ಸೈಟಿನ ಫೋಟೋದಿಂದ ಅವಳ ಗುರುತು ಹಿಡಿದು ಎರಡೂ ಕೈ ಹಿಡಿದುಕೊಂಡಳು. “ಖಾನಾಪುರದವರು ನೀವ ಅಲ್ಲೇನ್ರಿ? ಎಂಥಾ ದೊಡ್ಡ ಮನಸ್ಸು ನಿಮ್ದು! ನಮಗೋಸ್ಕರ ಖೋಲಿನೂ ಬಿಟ್ರಿ!”

ಪದ್ಮಶ್ರೀ ಆ ಹೊಗಳಿಕೆಯನ್ನೂ ತೂಗಿ ನೋಡಿದಳು. ನಕ್ಕಳು, ಸಾಮಾನ್ಯವಾಗಿ.

ವಾಪಸ್ ಬಸ್ಸು ಜಾಂಬೋಟಿ ದಾಟುವಾಗ ಅಮರ ಫೋನು ಮಾಡಿದ. ಚೀಲ ಬಂದಿದ್ದವು. ಎರಡೂ ಖೋಲಿ ಸೂರಿನ ತನಕ ತುಂಬಿದ್ದವು. ಒಂದಿಷ್ಟು ಚೀಲ ಇನ್ನೂ ಅಂಗಳದಲ್ಲೇ ಇದ್ದವು. ಪದ್ಮಶ್ರೀ ಹೂಂ ಎಂದು ಫೋನಿಟ್ಟಳು. ಆದರೂ ಬೆರಳು ಕೇಳಬೇಕಲ್ಲ. ‘ಖಾನಾಪುರ ಹೋಮ್‌ಸ್ಟೇ’ ಎಂದು ಮತ್ತೆ ಹುಡುಕಿದಳು.

ಅವಳ ಸೈಟು ಎಲ್ಲರಿಗಿಂತ ಮೇಲಿತ್ತು. ಕೆಳಗೆ ಕಾರಿನವರು ಆಗಷ್ಟೇ ಬರೆದ ಅಭಿಪ್ರಾಯ, ಐದು ನಕ್ಷತ್ರ: “ಇಂಥ ಪ್ರಾಮಾಣಿಕ ಮಾಲೀಕರನ್ನು ನಾವು ಎಲ್ಲೂ ಕಂಡಿಲ್ಲ. ಇವರಲ್ಲಿಗೆ ತಪ್ಪದೇ ಹೋಗಿರಿ. ಉಳಿಯಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆಯೆಂದು ತಾವೇ ಹೇಳುತ್ತಾರೆ.”