ಗಾಳಿಗಿಡಕ್ಕೆ ಬಿಟ್ಟ ಮದ್ದು

ಕೃಷಿಕರ ಮನೆಯಲ್ಲಿ ಹುಟ್ಟಿದವನಿಗೆ ಒಂದು ಗಿಡವನ್ನು ಕೆಲವು ದಿನ ನೋಡಿಕೊಳ್ಳುವುದು ದೊಡ್ಡ ಕೆಲಸವೇ? ಅದೂ ಮಣ್ಣು, ಗೊಬ್ಬರ, ಕುಂಡ ಯಾವುದೂ ಬೇಡದೆ, ದೇರೆಬೈಲಿನ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಮರದ ತುಂಡೊಂದಕ್ಕೆ ಅಂಟಿಕೊಂಡು ಬದುಕುವ ಗಿಡ! ಏರ್ ಪ್ಲಾಂಟ್ ಎನ್ನುತ್ತಾರೆ. ಬೇರು ಇರುವುದು ಹಿಡಿದುಕೊಳ್ಳಲಿಕ್ಕೆ ಮಾತ್ರ. ಅನ್ನ, ನೀರು ಎಲ್ಲ ಎಲೆಯಿಂದಲೇ. ಅದು ಹೂ ಬಿಡುವುದನ್ನು ನನ್ನ ಹೆಂಡತಿ ಶಶಿಕಲಾ ವರ್ಷಗಳಿಂದ ಕಾಯುತ್ತಿದ್ದಳು. ತಂಗಿಯ ಬಾಣಂತನಕ್ಕೆಂದು ವಾಮಂಜೂರಿನ ತವರಿಗೆ ಹೊರಟಾಗ, ಬೆಳಿಗ್ಗೆ ಸ್ವಲ್ಪ ನೀರು ಚಿಮುಕಿಸಿ, ಬೇರೇನೂ ಮಾಡಬೇಡಿ ಎಂದು ಮತ್ತೆ ಮತ್ತೆ ಹೇಳಿದಳು. ಆ 'ಬೇರೇನೂ' ನನ್ನ ಮನೆತನಕ್ಕೆ ಅವಮಾನವೆನಿಸಿತು.

ಒಂದು ಬೆಳಿಗ್ಗೆ ನೋಡುತ್ತೇನೆ, ಗಿಡದ ನಡುವಿನ ಎಲೆಗಳು ಕೆಂಪಗಾಗಿವೆ. ರೋಗವೇ ಎಂದು ತೀರ್ಮಾನಿಸಿದೆ. ಬಾಣಂತಿಯ ಮನೆಗೆ ಕೆಟ್ಟ ಸುದ್ದಿ ಮುಟ್ಟಿಸಬಾರದೆಂಬ ಘನ ಉದ್ದೇಶದಿಂದ, ಶಶಿಗೆ ಹೇಳದೆ, ಊರಿನಲ್ಲಿ ತೋಟ ನೋಡಿಕೊಳ್ಳುವ ಅಣ್ಣನಿಗೆ ಫೋನ್ ಮಾಡಿದೆ. ಗಿಡ ಯಾವುದೆಂದು ಅವನು ಕೇಳಲಿಲ್ಲ, ನಾನು ಹೇಳಲೂ ಇಲ್ಲ.

"ಮದ್ದು ಬಿಡು ಮಾರಾಯ, ಎಂತ ನೋಡ್ತಾ ಕೂತಿದ್ದಿ?" ಎಂದ.

ನಮ್ಮ ಕಡೆ ಮದ್ದು ಎಂದರೆ ಒಂದೇ: ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತು ಮತ್ತು ಸುಣ್ಣ. ಎರಡನ್ನೂ ತಂದು ಬಚ್ಚಲಿನ ಬಕೆಟ್ಟಿನಲ್ಲಿ ಕಲಸಿ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಗೆ ತುಂಬಿ ಗಿಡ ತೊಯ್ಯುವಷ್ಟು ಬಿಟ್ಟೆ. ಬಕೆಟ್ ನೀಲಿಯಾಯಿತು. ನನ್ನ ಪಂಚೆ ನೀಲಿಯಾಯಿತು. ಕೆಳಗಿನ ಮನೆಯವರು ಒಣಗಲು ಹಾಕಿದ್ದ ಬೆಡ್‌ಶೀಟೂ ನೀಲಿಯಾಯಿತು! ಅವರ ಕ್ಷಮೆ ಕೇಳಿ ಬಂದು, ಉಳಿದದ್ದನ್ನು ಹಾಳು ಮಾಡಬಾರದೆಂದು ಸಂಜೆ ಇನ್ನೊಂದು ಸುತ್ತು ಬಿಟ್ಟೆ.

ಶಶಿ ಬರುವಷ್ಟರಲ್ಲಿ ಗಿಡ ಕಪ್ಪಾಗಿ, ಮುಟ್ಟಿದರೆ ಎಲೆ ಕಳಚಿ ಬರುತ್ತಿತ್ತು. ರೋಗ ಜೋರಿತ್ತು, ಕೈಲಾದದ್ದೆಲ್ಲ ಮಾಡಿದೆ ಎಂದು ಆಸ್ಪತ್ರೆಯ ಡಾಕ್ಟರರ ಧಾಟಿಯಲ್ಲಿ ತಿಳಿಸಿದೆ.

"ಅದು ರೋಗ ಅಲ್ಲ. ಹೂ ಬಿಡುವ ಮೊದಲು ಅದು ಕೆಂಪಾಗ್ತದೆ," ಎಂದಳು. ಆಮೇಲೆ, "ಜೀವಮಾನದಲ್ಲಿ ಒಂದೇ ಸಲ ಹೂ ಬಿಡುವುದು ಅದು," ಎಂದಳು.

ಮೈಲುತುತ್ತಿನ ತಾಮ್ರ ಆ ಜಾತಿಯ ಗಿಡಗಳಿಗೆ ವಿಷವಂತೆ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅವಳು ಬೈಯಲಿಲ್ಲ, ಮರದ ತುಂಡಿನಿಂದ ಕಪ್ಪು ಎಲೆಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ನನಗೆ ನಿಜವಾಗಿ ಸಂಕಟವಾಯಿತು. ಗಾಳಿಯನ್ನಷ್ಟೇ ಕೇಳಿದ ಜೀವಕ್ಕೆ ನಾನು ಇಡೀ ವಂಶದ ಜ್ಞಾನವನ್ನು ಎರೆದಿದ್ದೆ. ಸುಮ್ಮನಿರುವುದೂ ಒಂದು ಆರೈಕೆ ಎಂದು ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ.

ಈಗ ಹೊಸ ಗಿಡ ಬಂದಿದೆ. ಮೊನ್ನೆ ತವರಿಗೆ ಹೊರಟ ಶಶಿ ಎಂದೂ ಇಲ್ಲದೆ ನನ್ನನ್ನೂ ಒತ್ತಾಯಿಸಿ ಕರೆದುಕೊಂಡು ಹೊರಟಳು. ಪ್ರೀತಿ ಉಕ್ಕಿತೆಂದು ನಾನೂ ಉಬ್ಬಿದೆ. ಬಸ್ಸಿನಲ್ಲಿ, ಗಿಡವನ್ನು ಯಾರಿಗೆ ಒಪ್ಪಿಸಿದೆ ಎಂದು ಕೇಳಿದೆ.

"ಯಾರಿಗೂ ಇಲ್ಲ," ಎಂದಳು. "ನೀವು ಇಲ್ಲಿದ್ದೀರಲ್ಲ, ಸಾಕು."