ಹೊಗೆಯಿಲ್ಲದ ಬದನೆಕಾಯಿ

ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಮಾಲತೇಶನಿಗೆ ಭೂಮಿ ಬಿಸಿಯಾಗುತ್ತಿರುವ ಸಂಗತಿ ಗೊತ್ತಾದದ್ದು ಬ್ಯಾಂಕಿನಿಂದ ನಿವೃತ್ತನಾದ ಮೇಲೆ. (ಅಲ್ಲಿಯವರೆಗೆ ಅವನಿಗೆ ಪುರುಸೊತ್ತಿರಲಿಲ್ಲ.) ನಾವು ತಿನ್ನುವುದು, ಉಡುವುದು ಎಲ್ಲವೂ ಹಡಗು, ಲಾರಿ ಹತ್ತಿ ದಾರಿಯುದ್ದಕ್ಕೂ ಹೊಗೆ ಉಗುಳುತ್ತಾ ಬರುತ್ತದೆ ಎಂದು ಯಾವುದೋ ಭಾಷಣದಲ್ಲಿ ಕೇಳಿ ಬಂದವನೇ ಅಡುಗೆಮನೆಯ ಮೇಲೆ ದಂಡಯಾತ್ರೆ ನಡೆಸಿದ.

“ಈ ಸೇಬು ಎಲ್ಲಿಂದು?”

“ಗಾಡಿಯವಂದು,” ಎಂದಳು ಹೆಂಡತಿ ಯಶೋದಾ.

“ನ್ಯೂಜಿಲೆಂಡಿಂದು! ಸ್ಟಿಕ್ಕರ್ ನೋಡು. ಈ ತೊಗರಿಬೇಳೆ ಆಫ್ರಿಕಾದ್ದು. ನಮಗೆ ಪಾಸ್‌ಪೋರ್ಟೇ ಇಲ್ಲ, ನಮ್ಮ ಸಾರು ಸಮುದ್ರ ದಾಟಿ ಬಂದೈತೆ!”

“ಪುಣ್ಯ ಮಾಡಿದ ಸಾರು. ನಿಮ್ಮನ್ನ ಕಟ್ಟಿಕೊಂಡ ನಾನು ಗೋವಾನೂ ನೋಡಿಲ್ಲ.”

ಆ ಭಾನುವಾರ ಹರಿಹರದಿಂದ ಬೀಗರು ಬರುವವರಿದ್ದರು. ಮಗಳು ಮೀನಾಕ್ಷಿಯ ಮದುವೆಯಾದ ಮೇಲೆ ಅವಳ ಮಾವ ಶಿವಮೂರ್ತಪ್ಪ ಹೆಂಡತಿಯೊಡನೆ ಊಟಕ್ಕೆ ಬರುತ್ತಿದ್ದುದು ಇದೇ ಮೊದಲು. ಎಣ್ಣೆಗಾಯಿ, ರೊಟ್ಟಿ ಎಂದು ಯಶೋದಾ ನಿಶ್ಚಯಿಸಿದ್ದಳು.

“ಗಾಡಿಯವನ ಬದನೆಕಾಯಿ ಬ್ಯಾಡ. ಅದು ಎಷ್ಟು ಹೊಗೆ ಕುಡಿದು ಬಂದೈತೋ! ನಾನೇ ಕೊಂಡಜ್ಜಿ ಹಳ್ಳಿಗೆ ಸೈಕಲ್ ಮ್ಯಾಲೆ ಹೋಗಿ ಹೊಲದಾಗಿಂದ ತರ್ತೀನಿ,” ಎಂದು ಮಾಲತೇಶ ಘೋಷಿಸಿದ.

“ಬೀಗರು ಬರೋದರೊಳಗೆ ಬರ್ತೀರಾ?”

“ಅನುಮಾನ ಯಾಕ?”

ಭಾನುವಾರ ಬೆಳಿಗ್ಗೆ ಹೊರಟ. ಊರು ದಾಟುವಷ್ಟರಲ್ಲಿ ಅವನ ಮೊಣಕಾಲುಗಳು ಪ್ರತ್ಯೇಕ ರಾಜ್ಯಕ್ಕೆ ಬೇಡಿಕೆಯಿಟ್ಟವು. ನೂಕಿ, ತುಳಿದು, ನಿಂತು, ಚಹಾ ಕುಡಿದು ಅಂತೂ ಕೊಂಡಜ್ಜಿ ಮುಟ್ಟಿ, ಮೈಲಪ್ಪ ಎಂಬ ರೈತನ ಹೊಲಕ್ಕೆ ಇಳಿದ.

“ಬದನೆಕಾಯಿ ಬೇಕಿತ್ತು.”

“ಎಲ್ಲೈತ್ರಿ ಸ್ವಾಮಿ? ನಸುಕಿನಾಗೇ ಊರವರದೆಲ್ಲಾ ಒಂದೇ ಗಾಡಿಗೆ ತುಂಬಿ ದಾವಣಗೆರೆ ಮಾರ್ಕೆಟ್ಟಿಗೆ ಕಳಿಸಿಬಿಟ್ವಿ. ನಿಮ್ದು ಯಾವೂರಾತು?”

“ದಾವಣಗೆರೆ,” ಎಂದ ಮಾಲತೇಶ, ನೆಲ ನೋಡುತ್ತಾ.

ಮೈಲಪ್ಪ ನಗಲಿಲ್ಲ, ಒಳ್ಳೆಯ ಮನುಷ್ಯ. (ಅವನ ಹೆಂಡತಿ ನಕ್ಕಳು.) ಗಿಡದಲ್ಲಿ ಉಳಿದಿದ್ದ ನಾಲ್ಕು ಹುಳುಕು ಕಾಯಿ ಕಿತ್ತು ಚೀಲಕ್ಕೆ ಹಾಕಿದ. ವಾಪಸ್ ಹೊರಡುವಾಗ ಸೈಕಲ್ ಪಂಕ್ಚರ್. ದಾವಣಗೆರೆಯಿಂದ ಪರಿಚಯದ ಅಬ್ರಾರ್‌ನ ಲಗೇಜ್ ಆಟೋ ಕರೆಸದೆ ಬೇರೆ ದಾರಿಯಿರಲಿಲ್ಲ. ಖಾಲಿ ಬಂದ ಆಟೋ ಒಬ್ಬ ಪರಿಸರಪ್ರೇಮಿ, ಒಂದು ಸೈಕಲ್, ನಾಲ್ಕು ಬದನೆಕಾಯಿ ಹೇರಿಕೊಂಡು ಹೊರಟಿತು. ಅದು ಬಿಟ್ಟ ಹೊಗೆಗೆ ಹಿಂದಿದ್ದ ಕೊಂಡಜ್ಜಿ ಕೆರೆಯೇ ಮಾಯವಾಯಿತು.

ಮನೆ ಮುಟ್ಟಿದಾಗ ಬೀಗರು ಬೆರಳು ಚೀಪುತ್ತಾ ಎಣ್ಣೆಗಾಯಿ ತಿನ್ನುತ್ತಿದ್ದರು.

“ಬದನೆಕಾಯಿ ಎಲ್ಲಿಂದು?” ಎಂದು ಹೆಂಡತಿಯ ಕಿವಿಯಲ್ಲಿ ಉಸುರಿದ.

“ಗಾಡಿಯವಂದು. ‘ಕೊಂಡಜ್ಜಿ ಬದನಿ’ ಅಂತ ಬಾಗಿಲಿಗೇ ಕೂಗಿಕೊಂಡು ಬಂದಿದ್ದ. ಮೊದಲು ಮುಖ ತೊಳೀರಿ, ಮಸಿ ಹತ್ತೈತೆ.”

ಹೋದ ಮಾನ ಹಿಂದೆ ತರಬೇಕಲ್ಲ? ಮಾಲತೇಶ ಎಲೆಯ ಮುಂದೆ ಕೂತು ಹೊಸ ಸಿದ್ಧಾಂತ ಮಂಡಿಸಿದ. “ಬೀಗರೇ, ಬರೀ ದೂರ ನೋಡಿದ್ರೆ ಸಾಲದು. ಹತ್ತಾರು ಮಂದಿ ಸರಕು ಒಂದೇ ಗಾಡ್ಯಾಗ ಬಂದ್ರೆ ಹೊಗೆ ಕಡಿಮಿ. ಒಬ್ಬೊಬ್ಬರೇ ಸುಮ್ಮನೆ ಹೋಗೋದು, ಬರೋದು ಮಾಡಿದ್ರೆ ಭೂಮಿ ಸುಟ್ಟು ಕರಕಲಾಗತೈತೆ!”

ಶಿವಮೂರ್ತಪ್ಪನವರ ತುತ್ತು ಅರ್ಧದಲ್ಲೇ ನಿಂತಿತು. ಕಣ್ಣು ಅರಳಿತು.

“ಖರೇ ಮಾತು ಬೀಗರೇ! ಬರೋ ವಾರ ಇಲ್ಲೇ ನಮ್ಮವರ ಮದುವೆ ಐತೆ. ಅದರ ಮುಂದಿನ ವಾರ ಇಲ್ಲೇ ಡಾಕ್ಟರಿಗೆ ಇವಳ ಹಲ್ಲು ತೋರಿಸಬೇಕು. ಹರಿಹರಕ್ಕೆ ಎಷ್ಟು ಸಲ ಹೋಗಿ ಬರೋದು? ಎಲ್ಲಾ ಮುಗಿಯೋವರೆಗೂ ಇಲ್ಲೇ ಇದ್ದುಬಿಡ್ತೀವಿ.” ಎಡಗೈಯಲ್ಲೇ ತಾವು ಬಂದ ಕಾರಿನ ಡ್ರೈವರಿಗೆ ಫೋನು ಹಚ್ಚಿದರು. “ಊರಿಗೆ ಹೋಗಿ ಮೀನಾಕ್ಷಿ, ನಮ್ಮ ಹುಡುಗ, ತಂಗಿ ಮನೆಯವರು, ಎಲ್ಲರನ್ನೂ ಒಂದೇ ಟ್ರಿಪ್ಪಿನಾಗ ತುಂಬಿಕೊಂಡು ಬಾ!”

ಮಗಳು ಬರುತ್ತಾಳೆಂದು ಯಶೋದಾ ಕುಣಿಯುವುದೊಂದು ಬಾಕಿ. ಸಂಜೆಯ ಹೊತ್ತಿಗೆ ಮನೆ ತುಂಬ ನಗು, ಗದ್ದಲ. ಮಾಲತೇಶನ ಮಂಚ ಬೀಗರ ಪಾಲಾಯಿತು. ಪಡಸಾಲೆಯ ಚಾಪೆಯ ಮೇಲೆ ಕೂತು ಅವನು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರೆ, ಒಳಗಿಂದ ಶಿವಮೂರ್ತಪ್ಪನವರ ದನಿ ತೇಲಿ ಬಂತು:

“ನಾಳೆ ಊಟದ ಹೊತ್ತಿಗೂ ಏನಾರ ಭಾಷಣ ಐತೇನ್ರಿ ಬೀಗರೇ?”